ಚೌಕಾಶಿ ಬಿಟ್ಟು ಗಳಿಸಿದ ವಿಮಾನ

ನಾಲ್ಕೂ ಸೀಟು ಸಿಕ್ಕವು! ಹುಬ್ಬಳ್ಳಿಯಿಂದ ಬೆಂಗಳೂರು, ಬೆಂಗಳೂರಿನಿಂದ ಗುವಾಹಾಟಿ, ನಾಲ್ಕು ಜನ ಒಂದೇ ವಿಮಾನದಲ್ಲಿ. ನಾನು, ನಮ್ಮ ಯಜಮಾನರು, ನನ್ನ ಮಗ, ನನ್ನ ಸೊಸೆ. ಇವತ್ತು ಮುಂಜಾನೆ ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದಾಗ ಸೊಸೆ ಒಳಗಿನಿಂದ ಓಡಿ ಬಂದು, ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಅತ್ತೀ, ಆತ್ರಿ! ನಾಲ್ಕೂ ಆದೂ!" ಎಂದಳು. ಕಣ್ಣಿಗೆ ಚಾಳೀಸು ಇರಲಿಲ್ಲ, ನನಗೆ ಒಂದಕ್ಷರ ಕಾಣಲಿಲ್ಲ. ಆದರೂ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರ್ರಗಾಯಿತು. ರೊಟ್ಟಿ ಮಾರಿಯೇ ಮಕ್ಕಳನ್ನು ದೊಡ್ಡವರನ್ನು ಮಾಡಿದವಳು ನಾನು, ನನ್ನ ಕೈಯಲ್ಲಿ ರೊಟ್ಟಿ ಸುಡುವುದೇ? ಸುಡಲಿ ಬಿಡು, ಇವತ್ತು ಹಂಚೇ ಸುಟ್ಟರೂ ನನಗೇನೂ ಇಲ್ಲ ಅನ್ನಿಸಿತು.

ಮಾಳಿಗೆ ಹತ್ತಿ ಓಣಿಗೆಲ್ಲ ಕೇಳುವಂತೆ ಕೂಗಿದೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಎಷ್ಟು ಸಣ್ಣದೆಂದರೆ ಈ ಮಾಳಿಗೆಯಲ್ಲಿ ಕೂಗಿದ ಮಾತು ಆ ಮಾಳಿಗೆಯಲ್ಲಿ ಒಣಹಾಕಿದ ಹಪ್ಪಳದ ಮೇಲೆ ಬೀಳುತ್ತದೆ. ಎದುರು ಮನೆಯವಳು ಹಲ್ಲುಜ್ಜುತ್ತ ಹೊರಗೆ ಬಂದು, "ಏನಾತ್ರಿ ಕಾಕೂ? ಯಾರರ ಹಡದ್ರೇನ್ರಿ?" ಎಂದಳು. "ಹಡದಾರವಾ, ಹಡದು ಯಾವ ಕಾಲ ಆತು! ನಾವು ನೋಡಾಕ ಹೊಂಟೇವಿ, ವಿಮಾನದಾಗ!" ಎಂದೆ.

ಹೌದು, ಗುವಾಹಾಟಿಯಲ್ಲಿ ನನ್ನ ಮೊಮ್ಮಗಳಿದ್ದಾಳೆ. ನನ್ನ ಮಗಳ ಮಗಳು, ನಮ್ಮ ಮನೆಯ ಮೊದಲ ಮೊಮ್ಮಗು. ಹುಟ್ಟಿ ತಿಂಗಳುಗಳಾದವು, ಇನ್ನೂ ನಾನು ಅದರ ಮೈ ಮುಟ್ಟಿಲ್ಲ. ಅದು ಹೆಂಗೆ ಕಣ್ಣು ಮುಚ್ಚಿ ತೆರೆಯುತ್ತದೆ, ಹೆಂಗೆ ಗಲ್ಲದಲ್ಲಿ ಕುಣಿ ಬೀಳುತ್ತದೆ, ಎಲ್ಲಾ ಮೊಬೈಲಿನಲ್ಲೇ ಗೊತ್ತು. ನಮ್ಮ ಯಜಮಾನರಂತೂ ದಿನಾ ಪೂಜೆ ಮುಗಿಸಿ ಬಂದು ಮೊಬೈಲಿನಲ್ಲಿರುವ ಕೂಸಿನ ಹಣೆಗೆ ವಿಭೂತಿ ಹಚ್ಚುತ್ತಾರೆ. ಆ ಮೇಲೆ ಆ ಫೋನಿನಲ್ಲಿ ಯಾರ ಮುಖ ನೋಡಿದರೂ ವಿಭೂತಿ ಧರಿಸಿದಂತೆಯೇ ಕಾಣುತ್ತದೆ.

ಅಳಿಯ ಮಿಲಿಟರಿಯವನು. ಅವನ ಕೆಲಸ ಆ ಕಡೆ, ಮನೆ ಕೊಟ್ಟಿದ್ದೂ ಆ ಕಡೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನಾನು ಬೆಳ್ಳುಳ್ಳಿ, ಅಳವಿ ಬೀಜ, ತಿನ್ನುವ ಅಂಟು, ಕೊಬ್ಬರಿ ಎಲ್ಲಾ ತಂದಿಟ್ಟಿದ್ದೆ. ಡಾಕ್ಟರು, ಪ್ರಯಾಣ ಮಾಡಬೇಡವೆಂದು ಮಗಳಿಗೆ ಮಂಚದಿಂದ ಇಳಿಯಲಿಕ್ಕೇ ಬಿಡಲಿಲ್ಲ. ಹೆರಿಗೆ ಅಲ್ಲೇ ಆಯಿತು. ಅಂಟಿನುಂಡಿಗಳನ್ನು ಕಟ್ಟಿ ಪಾರ್ಸಲ್ ಕಳಿಸಿದೆ. ಅವು ಅಲ್ಲಿ ಮುಟ್ಟುವ ಹೊತ್ತಿಗೆ ಎಲ್ಲಾ ಕೂಡಿ ಒಂದೇ ಉಂಡಿಯಾಗಿತ್ತಂತೆ. ಅಳಿಯ ಸುತ್ತಿಗೆಯಿಂದ ಒಡೆದು ಕೊಟ್ಟನಂತೆ.

ಹೆಸರಿಡುವ ಕಾರ್ಯ ಬಾಕಿ ಉಳಿಯಿತು. ನಮ್ಮಲ್ಲಿ ತವರಿನವರು ಕೂಸಿಗೆ ಬಟ್ಟೆ, ಮಗಳಿಗೆ ಸೀರೆ ಒಯ್ದು, ಕೂಸನ್ನು ತೊಟ್ಟಿಲಲ್ಲಿ ಹಾಕಿಸಬೇಕು. ಅದಕ್ಕೆ ನಾವು ಹೋಗಬೇಕು. ಆದರೆ ನಮ್ಮ ಯಜಮಾನರು ಅಮರಗೋಳದ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಸವೆಸಿಕೊಂಡವರು. ಹೋದ ವರ್ಷ ಬೆನ್ನಿನ ಆಪರೇಶನ್ ಆಯಿತು. ಗುವಾಹಾಟಿಗೆ ರೈಲೆಂದರೆ ಹಗಲು, ರಾತ್ರಿ, ಮತ್ತೆ ಹಗಲು, ಮತ್ತೆ ರಾತ್ರಿ. ಡಾಕ್ಟರು ಕೇಳಿದ ಕೂಡಲೇ ತಲೆ ಅಲ್ಲಾಡಿಸಿದರು. ವಿಮಾನದಲ್ಲಾದರೆ ಅಡ್ಡಿಯಿಲ್ಲ, ನಡುನಡುವೆ ಎದ್ದು ಅಡ್ಡಾಡಲಿ ಎಂದರು. ನಾಲ್ಕು ಜನರ ವಿಮಾನದ ಚಾರ್ಜು ಕೇಳಿ ನನ್ನ ಮಗ ಎದ್ದು ತನ್ನ ಗ್ಯಾರೇಜಿಗೆ ಹೋದ. ಆ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಇವರು ಫೋನಿನಲ್ಲಿ ಮಗಳಿಗೆ ಹೇಳಿದರು: "ನನ್ನ ಸಲುವಾಗಿ ಕೂಸಿನ ಹೆಸರು ತಡೀಬ್ಯಾಡವಾ. ನಿಮ್ಮವ್ವ, ನಿಮ್ಮಣ್ಣ ರೈಲಿಗೆ ಬರ್ತಾರ. ನಾ ಇಲ್ಲೆ ಮೊಬೈಲಿನ್ಯಾಗ ನೋಡ್ತೇನಿ."

"ಅಪ್ಪಾ ಬರೂತನಕಾ ಹೆಸರಿಡಂಗಿಲ್ಲ," ಎಂದಳು ಮಗಳು.

"ಹುಚ್ಚಿ, ಹೆಸರಿಲ್ಲದ ಎಷ್ಟ ದಿನಾ ಇಡ್ತಿ ಅದನ್ನ?"

"ಹೆಸರಿಲ್ಲದನ ಸಾಲಿಗೆ ಹೋಗ್ಲಿ ಬಿಡ್ರಿ. ಮಾಸ್ತರು ಕೇಳಿದ್ರ, ನಮ್ಮಜ್ಜ ಇನ್ನೂ ಬಂದಿಲ್ಲರಿ ಅಂತ ಹೇಳ್ಲಿ."

ಇವರು ನಕ್ಕರು. ಆ ಮೇಲೆ ಫೋನು ಇಟ್ಟು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತರು. ನಾನು ಕರೆಯಲಿಲ್ಲ.

ಈಗ ಸೊಸೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದೆಲ್ಲಾ ಅವಳದೇ ಕಾರಭಾರ. ಅವಳು ಧಾರವಾಡದಲ್ಲಿ ಒಂದು ಕೋಚಿಂಗ್ ಸೆಂಟರಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿ ಜೊತೆಗೆ ಕೆಲಸ ಮಾಡುವವಳೊಬ್ಬಳು ಇವಳಿಗೆ ಈ ಕ್ರೆಡಿಟ್ ಕಾರ್ಡಿನ ಆಟ ಕಲಿಸಿದಳು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಬ್ಯಾಂಕಿನವರು ಹೊಸ ಕಾರ್ಡು ಕೊಡುತ್ತಾರೆ. ಇಷ್ಟು ದಿನದೊಳಗೆ ಆ ಕಾರ್ಡಿನಿಂದ ಇಷ್ಟು ಖರ್ಚು ಮಾಡಿ ತೋರಿಸಿದರೆ, ಬಾ ಎಂದು ಕರೆದಾಗ ಬಂದದ್ದಕ್ಕೆ ಉಡುಗೊರೆ ಅಂತ ಒಂದು ಗಂಟು ಪಾಯಿಂಟು ಕೊಡುತ್ತಾರೆ. ಆ ಪಾಯಿಂಟನ್ನು ವಿಮಾನ ಕಂಪನಿಗೆ ದಾಟಿಸಿದರೆ ಟಿಕೆಟ್ಟು. ಖರ್ಚಿನ ರೊಕ್ಕವನ್ನು ತಿಂಗಳು ತಿಂಗಳು ಚೊಕ್ಕ ತುಂಬಿಬಿಡಬೇಕು. ವರ್ಷ ತುಂಬಿ ಅವರು ಫೀಸು ಕೇಳುವುದರೊಳಗೆ ಕಾರ್ಡು ಬಂದ್ ಮಾಡಿಸಬೇಕು. ಆ ಮೇಲೆ ಮತ್ತೊಂದು ಬ್ಯಾಂಕು, ಮತ್ತೊಂದು ಕಾರ್ಡು.

ಮೊದಲ ಸಲ ಕೇಳಿದಾಗ ನನಗೆ ಇದು ಸರಿ ಬರಲಿಲ್ಲ.

"ಅಲ್ಲಬೇ, ಅವರು ಕರದು ಪಾಯಿಂಟ್ ಕೊಟ್ಟಾರ. ತಗೊಂಡು ಬಾಗಲಾ ಹಾಕ್ಕೊಂಡ ಬರೂದ? ನಾಳೆ ಎದುರಿಗೆ ಸಿಕ್ಕರ ಮಾರಿ ಹೆಂಗ ತೋರಸ್ತಿ?"

"ಅತ್ತೀ, ಬ್ಯಾಂಕಿಗೆ ಮಾರಿ ಇರಂಗಿಲ್ರಿ."

ಮಾರಿ ಇಲ್ಲದಿದ್ದರೂ ದನಿ ಇತ್ತು. ಅವಳು ಮೊದಲನೇ ಕಾರ್ಡು ಬಂದ್ ಮಾಡಿಸುವಾಗ ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಎಷ್ಟು ಮೆತ್ತಗೆ ಕೇಳಿದಳೆಂದರೆ! "ಮೇಡಂ, ನಮ್ಮ ಸೇವೆಯಲ್ಲಿ ಏನಾದರೂ ಕೊರತೆಯಾಯಿತೇ?" ನಾನು ಒಲೆಯ ಮುಂದೆ ಕುಳಿತಿದ್ದೆ, ತಡೆಯಲಾಗಲಿಲ್ಲ. "ಏನೂ ಕೊರತಿ ಆಗಿಲ್ಲವಾ, ನೀ ಬ್ಯಾಸರಾ ಮಾಡ್ಕೋಬ್ಯಾಡ. ಇಕಿನ ಹಿಂಗ!" ಎಂದು ಕೂಗಿದೆ. ಸೊಸೆ ಫೋನಿನ ಬಾಯಿ ಮುಚ್ಚಿಕೊಂಡು ಕೋಣೆಗೆ ಓಡಿದಳು.

ಅದೇ ದಿನ ಸಂಜೆ ಅವಳು ಆ ಕಾರ್ಡನ್ನು ಕತ್ತರಿಸಲು ಕತ್ತರಿ ಹಿಡಿದಳು. ಬಂಗಾರದ ಬಣ್ಣದ, ಫಳಫಳ ಹೊಳೆಯುವ ಕಾರ್ಡು. ಅವತ್ತು ಶುಕ್ರವಾರ, ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಬಾಗಿಲಿಗೆ ಬರುವ ವೇಳೆಯಲ್ಲಿ ರೊಕ್ಕದ ಕಾರ್ಡಿಗೆ ಕತ್ತರಿ ಹಾಕುವುದೇ? ಕತ್ತರಿ ಕಸಿದುಕೊಂಡು ಸೆರಗಿನಲ್ಲಿ ಮುಚ್ಚಿಟ್ಟೆ. ಮರುದಿನ ಎದ್ದು ನಾನೇ ಎರಡು ತುಂಡು ಮಾಡಿ ಕೊಟ್ಟೆ. ಎಸೆಯಲು ಮನಸ್ಸಾಗಲಿಲ್ಲ. ಅಂಕಿ ಇದ್ದ ತುಂಡನ್ನು ಒಲೆಗೆ ಹಾಕಿ, ಅಂಕಿ ಇಲ್ಲದ ತುಂಡನ್ನು ಇಟ್ಟುಕೊಂಡೆ. ರೊಟ್ಟಿ ಬಡಿಯುವ ಹಲಗೆಗೆ ಮೆತ್ತಿದ ಹಿಟ್ಟು ಕೆರೆಯಲು ಅದರಂಥ ಸಾಮಾನು ಎಲ್ಲೂ ಸಿಗುವುದಿಲ್ಲ. ಇವರು ನೋಡಿ, "ಹುಬ್ಬಳ್ಳ್ಯಾಗ ಯಾವ ಸಾವಕಾರನ ಮನ್ಯಾಗರ ಬಂಗಾರದ ಕಾರ್ಡಿಲೆ ಹಿಟ್ಟ ಕೆರೀತಾರೇನ ಕೇಳ್ಕೊಂಡ ಬಾ," ಎಂದರು.

ಸೊಸೆ ಈ ಪಾಯಿಂಟು ಕೂಡಿಸುತ್ತಿದ್ದದ್ದು ಕಾಶ್ಮೀರಕ್ಕೆ. ಮದುವೆಯಾದ ವರ್ಷ ನನ್ನ ಮಗ ಕಾಶ್ಮೀರಕ್ಕೆ ಕರೆದೊಯ್ಯುತ್ತೇನೆಂದು ಹೇಳಿ, ಗೋಕಾಕ ಫಾಲ್ಸ್ ತೋರಿಸಿಕೊಂಡು ಬಂದಿದ್ದ. ಅದನ್ನು ಅವಳು ಮರೆತಿರಲಿಲ್ಲ. ತನ್ನ ಹೆಸರಿನಲ್ಲಿ ಒಂದು, ಗಂಡನ ಹೆಸರಿನಲ್ಲಿ ಒಂದು, ಹೀಗೆ ತೆಗೆಸುತ್ತ ಬಂದ್ ಮಾಡಿಸುತ್ತ, ಮನೆಯ ಕಿರಾಣಿ, ಗ್ಯಾರೇಜಿನ ಸ್ಪೇರ್ ಪಾರ್ಟು, ಗ್ಯಾಸು, ಕರೆಂಟು ಎಲ್ಲವನ್ನೂ ಕಾರ್ಡಿನಿಂದಲೇ ಕಟ್ಟುತ್ತ, ಇಬ್ಬರು ಹೋಗಿ ಬರುವಷ್ಟು ಕೂಡಿಸಿದ್ದಳು.

ಇವರು ಹಿತ್ತಲಿಗೆ ಹೋಗಿ ನಿಂತ ಮರುದಿನ, ಊಟಕ್ಕೆ ಕುಳಿತಾಗ ಅವಳು ಹೇಳಿದಳು: "ಅತ್ತೀ, ನನ್ನ ಕಡೆ ಎರಡು ಸೀಟಿಗೆ ಆಗೂವಷ್ಟು ಅದಾವ್ರಿ. ಇನ್ನೆರಡಕ್ಕ ನಿಮ್ಮ ಹೆಸರಿನ್ಯಾಗ ಒಂದು ಕಾರ್ಡ್ ತಗಸೂಣು. ಎಲ್ಲಾರೂ ಹೋಗೂಣು."

"ಮತ್ತ ನಿನ್ನ ಕಾಶ್ಮೀರ?"

"ಬರ್ಫ ಎಲ್ಲೀಗೂ ಹೋಗಂಗಿಲ್ರಿ. ಕೂಸು ದಿನಾ ಬೆಳೀತೈತಿ."

ಅವಳ ತಾಟಿಗೆ ಇನ್ನೊಂದು ಚಮಚ ತುಪ್ಪ ಸುರಿದೆ. ಅವಳಿಗೆ ತುಪ್ಪ ಸೇರುವುದಿಲ್ಲ, ಆದರೂ ಉಂಡಳು.

ರೊಟ್ಟಿ ಮಾರಿ ಉಳಿಸಿದ್ದನ್ನು ನಾನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದೆ. ಆ ಠೇವಣಿಯ ಮೇಲೆ ಕಾರ್ಡು ಕೊಡುತ್ತಾರಂತೆ. ಬ್ಯಾಂಕಿಗೆ ಹೋದೆವು. ಮೇಜಿನ ಹಿಂದಿನ ಅಕ್ಕ ಕೇಳಿದಳು, "ಏನ್ ಉದ್ಯೋಗ ಮಾಡ್ತೀರಿ?" ನಾನು, "ರೊಟ್ಟಿ ಬಡೀತೇನ್ರಿ," ಎಂದೆ. ಅವಳು 'ಸ್ವಂತ ಉದ್ಯಮ' ಎಂದು ಬರೆದಳು. ಆ ಎರಡು ಶಬ್ದ ನನಗೆ ಎಷ್ಟು ಹಿಡಿಸಿದವೆಂದರೆ ವಾರಗಟ್ಟಲೆ ಓಣಿಯಲ್ಲಿ ಯಾರು ಏನು ಕೇಳಿದರೂ "ಸ್ವಂತ ಉದ್ಯಮ ಐತೆವಾ, ಟೈಮ್ ಸಿಗಂಗಿಲ್ಲ," ಎನ್ನುತ್ತಿದ್ದೆ.

ಕಾರ್ಡು ಬಂತು. ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿ, ನಾನೇ ಮೂರು ಬೆರಳಿನಿಂದ ವಿಭೂತಿ ಎಳೆದೆ. ಮೊದಲ ಸಲ ಕಿರಾಣಿ ಅಂಗಡಿಯಲ್ಲಿ ಕೊಟ್ಟಾಗ ಮಷೀನು ಅದನ್ನು ಒಲ್ಲೆನೆಂದಿತು. ಸೊಸೆ ವಿಭೂತಿ ಒರೆಸಿದ ಮೇಲೆ ಒಪ್ಪಿತು.

ದಿನ ಕಳೆದವು. ನಾವು ಎಷ್ಟು ತಿಂದೇವು, ಎಷ್ಟು ಉಟ್ಟೇವು? ಖರ್ಚು ಹೇಳಿದ ಮಟ್ಟಕ್ಕೆ ಏರಲೇ ಇಲ್ಲ, ಕೊಟ್ಟ ಗಡುವು ಮಾತ್ರ ಹತ್ತಿರ ಬಂತು. ಅಷ್ಟರಲ್ಲಿ ದೇವರು ಕಳಿಸಿದಂತೆ ಎದುರು ಮನೆಯವಳ ಮಗಳ ಮದುವೆ ಗಟ್ಟಿಯಾಯಿತು.

ನಮ್ಮ ಕಡೆ ಮದುವೆಯ ಜವಳಿ ತರುವುದಕ್ಕೆ ಬಸ್ತಾ ಎನ್ನುತ್ತಾರೆ. ಬೀಗರು, ಸೋದರತ್ತೆಯರು, ಚಿಗವ್ವಂದಿರು, ಎಲ್ಲರೂ ಗಾಡಿ ತುಂಬಿಕೊಂಡು ಅರಿವೆ ಅಂಗಡಿಗೆ ಹೋಗಿ, ಗಾದಿಯ ಮೇಲೆ ಕಾಲು ಮಡಚಿ ಕುಳಿತು, ಮುಂಜಾನೆಯಿಂದ ಸಂಜೆಯ ತನಕ ಸೀರೆ ಬಿಚ್ಚಿಸುತ್ತಾರೆ. ಓಣಿಯಲ್ಲಿ ಯಾರ ಮನೆಯ ಬಸ್ತಾ ಇರಲಿ, ನನ್ನನ್ನು ಬಿಟ್ಟು ಹೋಗುವುದಿಲ್ಲ. ಬಣ್ಣ ಆರಿಸಲಿಕ್ಕಲ್ಲ, ಚೌಕಾಶಿಗೆ. ಜಂಬ ಅಂದುಕೊಳ್ಳಬೇಡಿ, ನಾನು ಮೆಟ್ಟಿಲು ಹತ್ತುವುದನ್ನು ಕಂಡು ಅರ್ಧ ರೇಟನ್ನು ತಾವಾಗಿಯೇ ಇಳಿಸಿದ ಅಂಗಡಿಕಾರರಿದ್ದಾರೆ.

ಸೊಸೆ ಎದುರು ಮನೆಯವಳ ಹತ್ತಿರ ಮಾತಾಡಿದಳು. ಅಂಗಡಿಯಲ್ಲಿ ಕಾರ್ಡಿನಿಂದ ನಾವು ಕೊಡುವುದು, ಅಷ್ಟೇ ರೊಕ್ಕವನ್ನು ಅವರು ನಮ್ಮ ಕೈಗೆ ಕೊಡುವುದು. "ನಮಗೇನವಾ?" ಎಂದಳು ಅವಳು. "ಅಂಗಡ್ಯಾವನ ಕೈಯಾಗ ಕೊಡೂದ ಕಾಕೂನ ಕೈಯಾಗ ಕೊಡ್ತೇವಿ. ಕೂಸಿನ ಕೆಲಸಾ ಆಗ್ಲಿ." ಬಸ್ತಾ ಮುಗಿದರೆ ಖರ್ಚಿನ ಮಟ್ಟ ದಾಟಿ ಮೇಲೆ ಉಳಿಯುತ್ತದೆಂದು ಸೊಸೆ ಹಿಂದಿನ ರಾತ್ರಿಯೇ ಲೆಕ್ಕ ಹಾಕಿದ್ದಳು. ಅಂಗಡಿಯವನು ಹೇಳುವ ರೇಟು ಹಿಡಿದು ಹಾಕಿದ್ದಳು. ಅಲ್ಲೇ ತಪ್ಪಿದ್ದು.

ಅಂಗಡಿಯಲ್ಲಿ ಸೀರೆಗಳ ಗುಡ್ಡ ಬಿತ್ತು. ಮದುಮಗಳ ರೇಷ್ಮೆ, ಬೀಗಿತ್ತಿಯರ ಇಳಕಲ್ಲು, ಧೋತರ, ತಲೆಗೆ ಸುತ್ತುವ ಪಟಕ, ಕುಪ್ಪಸದ ಕಣ. ಅಂಗಡಿಯ ಸಾವಕಾರ ಒಟ್ಟು ಹಾಕಿ ಹೇಳಿದ. ಸೊಸೆಯ ಮುಖ ಅರಳಿತು. ನಾನು ಅವಳ ಮುಖ ನೋಡಲೇ ಇಲ್ಲ, ಸಾವಕಾರನ ಮುಖ ನೋಡುತ್ತಿದ್ದೆ.

"ಎಷ್ಟಂದ್ರಿ?" ಎಂದೆ.

"ನಿಮ್ಮ ಮುಂದ ಜಾಸ್ತಿ ಹೇಳ್ತೇನೇನ್ರಿ ಅವ್ವಾರ?"

"ಹೇಳೀರಲ್ಲಾ ಮತ್ತ. ಈ ಸೀರಿ ಸೆರಗ ನೋಡ್ರಿ, ಹೊಸ್ತಿಲಾ ದಾಟೂದ್ರಾಗ ಜರಿ ಉದರಿ ಬೀಳತೈತಿ."

ಸೊಸೆ ಸೀರೆಗಳ ಕೆಳಗೆ ಕೈ ಹಾಕಿ ನನ್ನ ತೊಡೆ ಚಿವುಟಿದಳು. ನಮ್ಮ ಬಸ್ತಾದಲ್ಲಿ ಒಬ್ಬರು ಇನ್ನೊಬ್ಬರನ್ನು ಚಿವುಟಿದರೆ, ಇನ್ನೂ ಇಳಿಯುತ್ತಾನೆ, ಬಿಡಬೇಡ ಎಂದು ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ನನ್ನ ಸೊಸೆ ಎಂಥ ಹುಷಾರಿ ಎಂದು ಎದೆಯುಬ್ಬಿ ಇನ್ನೊಂದು ಪಟ್ಟು ಹಾಕಿದೆ. ಅವಳು ಮತ್ತೆ ಚಿವುಟಿದಳು, ಈ ಸಲ ಜೋರಾಗಿ. ನಾನು ಎದ್ದು ಚಪ್ಪಲಿ ಮೆಟ್ಟಿದೆ. ನನ್ನ ಹಿಂದೆ ಬೀಗರೆಲ್ಲ ಎದ್ದು ಚಪ್ಪಲಿ ಹುಡುಕಿದರು. ಸಾವಕಾರ ಗಾದಿಯಿಂದ ಜಿಗಿದು, "ಬರ್ರಿ ಅವ್ವಾರ, ಕುಂದರ್ರಿ, ಚಹಾ ತರಸ್ತೇನಿ," ಎಂದು ಕೈ ಮುಗಿದ. ಚಹಾ ಕುಡಿಯುತ್ತ ಮತ್ತೊಂದಿಷ್ಟು ಇಳಿಸಿದೆ. ಕಡೆಗೆ ಕಣದ ಅರಿವೆಗಳನ್ನು ಪುಕ್ಕಟೆ ಹಾಕಿಸಿಕೊಂಡೆ. ಎದುರು ಮನೆಯವಳು ನನ್ನ ಕಾಲಿಗೆ ಬೀಳುವುದೊಂದೇ ಬಾಕಿ. ಬೀಗರು, "ಇಂಥಾ ಹಿರೇರ ಮನ್ಯಾಗ ಇರಬೇಕ್ರಿ," ಎಂದರು. ನಾನು ಮಹಾರಾಣಿಯ ಹಾಗೆ ಕಾರ್ಡು ತೆಗೆದುಕೊಟ್ಟೆ.

ಗಾಡಿಯಲ್ಲಿ ಸೊಸೆ ಹಣೆ ಹಿಡಿದುಕೊಂಡು ಕುಳಿತಿದ್ದಳು. ಮನೆಯ ಬಾಗಿಲಲ್ಲಿ ಇಳಿದ ಮೇಲೆ ಕೇಳಿದೆ, "ಯಾಕ, ತಲಿ ನೋಯಾಕತ್ತೇತೇನು?"

"ಮಟ್ಟಾ ಮುಟ್ಟಲಿಲ್ರಿ ಅತ್ತಿ."

"ಯಾವ ಮಟ್ಟ?"

"ಕಾರ್ಡಿಂದು. ನೀವು ಇಳಿಸಿದ ರೊಕ್ಕದಾಗ ನಿಮ್ಮದೂ ಮಾವಾರದೂ ಸೀಟ ಹೋತ್ರಿ. ನಾ ಎಷ್ಟ ಚಿವುಟಿದೆ ನಿಮಗ!"

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ತೊಡೆ ನೋಡಿಕೊಂಡರೆ ಹಸಿರುಗಟ್ಟಿತ್ತು. ಮರುದಿನವೇ ಗಡುವಿನ ಕಡೆಯ ದಿನ. ಒಳಗೆ ಇವರು ಮಂಚದ ಮೇಲೆ ಅಡ್ಡಾಗಿ ಮೊಬೈಲಿನಲ್ಲಿ ಕೂಸಿಗೆ, "ಬರ್ತೇನಿ, ಬರ್ತೇನಿ, ವಿಮಾನದಾಗ ಬರ್ತೇನಿ," ಎನ್ನುತ್ತಿದ್ದರು. ಸಾವಕಾರನ ಹತ್ತಿರ ಓಡಿಹೋಗಿ, ರೊಕ್ಕ ಹೊಳ್ಳಿ ತಗೋ, ರೇಟು ಏರಿಸು ಎಂದು ಹೇಳೋಣವೇ ಅನ್ನಿಸಿತು. ಸೊಸೆಗೆ ಹೇಳಿದೆ. ಅವಳಿಗೆ ಆ ದುಃಖದಲ್ಲೂ ನಗು ಬಂತು.

ನಮ್ಮ ಮಾತು ಎದುರು ಮನೆಯವಳಿಗೆ ಕೇಳಿಸಿತ್ತು. ಓಣಿ ಸಣ್ಣದೆಂದು ಹೇಳಿದೆನಲ್ಲ. ಅವಳು ಅಲ್ಲಿಂದಲೇ, "ಅಯ್ಯ ಕಾಕೂ, ಅದಕ್ಯಾಕ ಅಳಾಕತ್ತೀರಿ? ಭಾಂಡೆ ಸಾಮಾನು ಇನ್ನೂ ತರೂದೈತಿ. ಬರೂ ವಾರ ತರೂದನ್ನ ನಾಳೆ ತಂದ್ರಾತು," ಎಂದಳು. ಮದುಮಗಳಿಗೆ ಕೊಡುವ ಕೊಡ, ಹಂಡೆ, ಹಿಟ್ಟು ನಾದುವ ಪರಾತ, ಡಬ್ಬಿ, ದೀಪದ ಸಮೆ, ಎಲ್ಲಾ. ನನಗೆ ಜೀವ ಬಂತು.

ಮರುದಿನ ಹೊರಡುವಾಗ ಇವರು ನನ್ನನ್ನು ನಿಲ್ಲಿಸಿ, ದೊಡ್ಡದೊಂದು ಎಲೆ ಅಡಿಕೆ ಕಟ್ಟಿ ನನ್ನ ಬಾಯಿಗೆ ತುರುಕಿದರು. "ಅಂಗಡಿಯಿಂದ ಹೊರಗ ಬರೂತನಕಾ ನುಂಗೂ ಹಂಗಿಲ್ಲ, ಉಗುಳೂ ಹಂಗಿಲ್ಲ," ಎಂದರು. ನಾನು ಏನೋ ಅನ್ನಲು ಹೋದೆ. "ಜನ್ಮಾ ಪೂರ್ತಿ ನಾ ಚೀಲಾ ಹೊತ್ತೇನಿ. ನೀ ಒಂದ್ ಎಲಿ ಹೊರಲಾರ್ಯಾ?" ಎಂದರು. ಸುಮ್ಮನೆ ನಡೆದೆ.

ಭಾಂಡೆ ಅಂಗಡಿಯ ಭಾಯಿ ನಮಗೆ ಹಳಬರು. ನನ್ನ ಮದುವೆಯ ಕೊಡವನ್ನು ಅವರ ಅಪ್ಪ ಕೊಟ್ಟಿದ್ದರು. ಸಾಮಾನು ಇಳಿಸಿ ಸಾಲಾಗಿ ಇಟ್ಟರು. ರೇಟು ಹೇಳಿ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಬಾಯಿ ತುಂಬ ರಸ.

ಭಾಯಿ ಒಂದು ಕ್ಷಣ ಕಾದರು. "ಯಾಕ್ರಿ ಅಮ್ಮಾ, ಏನೂ ಅನವಲ್ರಿ?"

"ಹ್ಞೂಂ," ಎಂದೆ.

ಅವರ ಮುಖ ಬದಲಾಯಿತು. "ಮುಂದಿನ ಅಂಗಡ್ಯಾಗ ಕಡಿಮಿ ಹೇಳ್ಯಾರೇನ್ರಿ? ಹೇಳ್ರಲ್ಲಾ. ನೀವು ಜಗಳಾ ಮಾಡಿದ್ರ ನನಗ ಸಮಾಧಾನ. ಹಿಂಗ ಸುಮ್ಮನ ಕುಂತ್ರ ಎದಿ ಧಸಕ್ಕಂತೈತಿ. ಹೋಗ್ಲಿ, ಹಂಡೇದಾಗ ಇಷ್ಟು ಬಿಟ್ಟೆ."

"ಬಿಡಬ್ಯಾಡ್ರಿ ಭಾಯಿ!" ಎಂದು ಸೊಸೆ ಚೀರಿದಳು. "ಪೂರಾ ರೇಟ್ ಹಚ್ಚರಿ!"

ಭಾಯಿ ತಕ್ಕಡಿ ಕೆಳಗಿಟ್ಟರು. ನಾವ್ಯಾರೂ ತಮ್ಮ ಗಿರಾಕಿಗಳೇ ಅಲ್ಲವೇನೋ ಎಂಬಂತೆ ನಮ್ಮನ್ನು ನೋಡಿದರು.

"ಏ, ಪೂರಾ ರೇಟ್ ಯಾಕಬೇ?" ಎಂದಳು ಎದುರು ಮನೆಯವಳು. "ರೊಕ್ಕ ನಮ್ಮದು! ಬಿಡ್ತೇನಿ ಅಂದ್ರ ಬಿಡ್ಲಿ. ಭಾಯಿ, ಇಕಿ ಮಾತ ಕೇಳಬ್ಯಾಡ್ರಿ, ಬಿಡ್ರಿ ನೀವು."

"ಬಿಡಲ್ಯೋ ಬ್ಯಾಡೋ?" ಎಂದರು ಭಾಯಿ, ನನ್ನ ಕಡೆ ತಿರುಗಿ. ನಾನು ಕಣ್ಣು ಮುಚ್ಚಿದೆ. ಅದನ್ನು ನೋಡಿ ಇನ್ನಷ್ಟು ಹೆದರಿ ಪರಾತದಲ್ಲೂ ಬಿಟ್ಟರು.

ಸೊಸೆಯ ಕಣ್ಣಲ್ಲಿ ನೀರೇ ಬಂತು. ಎದುರು ಮನೆಯವಳದೂ ಹೆಣ್ಣು ಕರುಳು. "ಇರು, ಅಳಬ್ಯಾಡ," ಎಂದು ಯೋಚಿಸಿ, "ಭಾಯಿ, ಬಿಟ್ಟಿದ್ದ ರೊಕ್ಕದಾಗ ಆ ಇಡ್ಲಿ ಪಾತೇಲಿ ಹಾಕ್ರಿ," ಎಂದಳು. ಭಾಯಿ ಪಾತೇಲಿ ಹಾಕಿ, ನನ್ನ ಮುಖ ನೋಡಿ, ಅದರಲ್ಲೂ ಬಿಟ್ಟರು. ಆ ಬಿಟ್ಟಿದ್ದಕ್ಕೆ ಇವಳು ಜರಡಿ ಹಾಕಿಸಿದಳು. ಜರಡಿಯಲ್ಲಿ ಬಿಟ್ಟಿದ್ದಕ್ಕೆ ಸೌಟು. ಹೀಗೆ ಭಾಯಿ ಇಳಿಸುತ್ತ ಹೋದರು, ಇವಳು ಏರಿಸುತ್ತ ಹೋದಳು. ಮದುಮಗಳು ಇಬ್ಬರೇ ಇರುವ ಮನೆಗೆ ಹೋಗುವವಳು. ಅವಳ ಪಾಲಿಗೆ ಒಂದು ಹಾಸ್ಟೆಲ್ ನಡೆಸುವಷ್ಟು ಸಾಮಾನು ಬಂತು.

ಕಡೆಗೆ ಸೊಸೆ ಲೆಕ್ಕ ನೋಡಿ, "ಇನ್ನ ಒಂಚೂರು ಬೇಕು," ಎಂದಳು. ಎದುರು ಮನೆಯವಳು ಕೈ ಚೆಲ್ಲಿ, "ನನ್ನ ಕಡಿಂದ ಮುಗೀತವಾ," ಎಂದಳು. ಮೇಲಿನ ಕಪಾಟಿನಲ್ಲಿ ಒಂದು ಸಣ್ಣ ತಾಮ್ರದ ತಂಬಿಗೆ ಇತ್ತು. ಕೂಸಿಗೆ ಎರೆಯುವಾಗ ಬಿಸಿನೀರು ಹೊಯ್ಯಲು ಹೇಳಿ ಮಾಡಿಸಿದಂತಿತ್ತು. ನಾನು ಬೆರಳು ತೋರಿಸಿದೆ. ನನ್ನ ಸ್ವಂತ ಉದ್ಯಮದ ರೊಕ್ಕ. ಭಾಯಿ ರೇಟು ಹೇಳಿದರು. ಬಹಳ ಹೇಳಿದರು. ಆ ತಂಬಿಗೆಗೆ ಅಷ್ಟೇ? ನನ್ನ ನಾಲಿಗೆ ಎಲೆಯ ಕೆಳಗೆ ಹೇಗೆ ಒದ್ದಾಡಿತೆಂದು ನನಗೇ ಗೊತ್ತು. ಗೋಣು ಹಾಕಿದೆ. ಕೊಡು ಎಂದು ಗೋಣು ಹಾಕಿದೆ!

ಮಷೀನು ಕಿರ್ರೆಂದು ಚೀಟಿ ಬಿಟ್ಟಿತು. ಸೊಸೆ ಮೊಬೈಲು ನೋಡಿ, ನನ್ನನ್ನು ನೋಡಿ, ಹೂಂ ಎಂದು ಗೋಣು ಅಲ್ಲಾಡಿಸಿದಳು. ನಾನು ಗಟಾರಿನ ತನಕ ಓಡಿ ಎಲ್ಲಾ ಉಗುಳಿ ಹೊಳ್ಳಿ ಬಂದು, "ಭಾಯಿ, ಆ ತಂಬಿಗಿಗೆ ಅಷ್ಟ ರೇಟ್ ಹಚ್ಚಾಕ ನಿಮಗ ಮನಸರ ಹೆಂಗ ಬಂತ್ರಿ?" ಎಂದೆ.

"ಯಾ ಅಲ್ಲಾ, ಬಾಯಿ ಬಂತು!" ಎಂದು ಭಾಯಿ ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. ಎಲ್ಲರಿಗೂ ಚಹಾ ತರಿಸಿದರು.

ಆ ಮೇಲೆ ಕಾಯುವುದೇ ಕೆಲಸವಾಯಿತು. ಪಾಯಿಂಟು ತಾನಾಗಿ ಬರುತ್ತದೆ, ನಾವು ಕರೆದರೆ ಬರುವುದಿಲ್ಲ ಎಂದಳು ಸೊಸೆ. ನಾನು ದಿನಾ ಕೇಳುತ್ತಿದ್ದೆ, ಅವಳು ದಿನಾ ಮೊಬೈಲು ತೆಗೆದು ನೋಡಿ ಇಲ್ಲ ಎನ್ನುತ್ತಿದ್ದಳು. ಒಂದು ದಿನ ಬಂತು. ಬಂದ ಮೇಲೆ ಮತ್ತೊಂದು ಫಜೀತಿ. ಪಾಯಿಂಟಿಗೆ ಕೊಡುವ ಸೀಟು ಕೆಲವೇ ಇರುತ್ತವಂತೆ, ಒಮ್ಮೆ ಎರಡು ಕಾಣುತ್ತಿದ್ದವು, ಒಮ್ಮೆ ಮೂರು. "ಮೂರು ಸಾಕು, ನೀವು ಹೋಗ್ರಿ," ಎಂದರು ಇವರು. "ಮಾವಾರ, ನೀವು ಬಾಯಾಗ ಎಲಿ ಹಾಕ್ಕೊಳ್ರಿ," ಎಂದಳು ಸೊಸೆ. ಇವತ್ತು ಮುಂಜಾನೆ ಅವಳು ಎಂದಿನಂತೆ ಎದ್ದು ನೋಡಿದಾಗ ನಾಲ್ಕೂ ಕಂಡವು. ಒಮ್ಮೆ ಗುಂಡಿ ಒತ್ತಿ ನಾಲ್ಕನ್ನೂ ಹಿಡಿದುಬಿಟ್ಟಳು. ಸುಟ್ಟ ರೊಟ್ಟಿಯ ಕಥೆ ಇಷ್ಟು.

ಮಗಳಿಗೆ ಫೋನು ಹಚ್ಚಿದೆವು. ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ?"

"ಬರ್ತಾರ," ಎಂದೆ.

ಅವಳು ಕೂಸನ್ನು ಫೋನಿನ ಮುಂದೆ ಹಿಡಿದಳು. ಕೂಸು ಸೀನಿತು. "ಶುಭ," ಎಂದರು ಇವರು. ಅಲ್ಲೇ ತೊಟ್ಟಿಲ ದಿನ ಗೊತ್ತು ಮಾಡಿದರು.

ಮಧ್ಯಾಹ್ನವೆಲ್ಲ ಇವರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ನನ್ನದೊಂದು ಹಳೇ ಸೀರೆಯನ್ನು ಬೆಲ್ಟಿನ ಹಾಗೆ ನಡುವಿಗೆ ಕಟ್ಟಿಕೊಂಡು ವಿಮಾನದಲ್ಲಿ ಕೂಡುವ ರೂಢಿ ಮಾಡಿಕೊಂಡರು. ಕಟ್ಟಿಕೊಂಡೇ ಸೊಸೆಯನ್ನು ಕರೆದು, "ನನ್ನ ಹೆಸರಿನ್ಯಾಗೂ ಒಂದ ಕಾರ್ಡ ತಗಸವಾ. ಆ ಪಾಯಿಂಟಿಗೆ ನೀವಿಬ್ರು ಬರ್ಫ ನೋಡಿ ಬರ್ರಿ," ಎಂದರು. ವರ್ಷದೊಳಗೆ ನನ್ನ ಕಾರ್ಡನ್ನೂ ಬಂದ್ ಮಾಡಿಸಬೇಕಂತೆ. ಬ್ಯಾಂಕಿಗೆ ನಾನೇ ಫೋನು ಮಾಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ಆ ಹೆಣ್ಣುಮಗಳ ಹತ್ತಿರ ಒಂದು ನಾಲ್ಕು ಒಳ್ಳೆಯ ಮಾತಾಡಿಯೇ ಮುಗಿಸುತ್ತೇನೆ.

ಸಂಜೆ ಶೇಂಗಾ ಹೋಳಿಗೆ ಮಾಡಿದೆ. ಎಣ್ಣೆಗಾಯಿ, ಬಿಸಿ ರೊಟ್ಟಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಇವರಿಗೆ ಬೆನ್ನಿನಿಂದಾಗಿ ನೆಲದ ಮೇಲೆ ಕುಳಿತುಕೊಳ್ಳಲು ಆಗುವುದಿಲ್ಲ, ದಿನಾ ಒಬ್ಬರೇ ಕುರ್ಚಿಯ ಮೇಲೆ ಉಣ್ಣುತ್ತಾರೆ. ಮಗ ಗ್ಯಾರೇಜಿನಿಂದ ಗ್ರೀಸ್ ಒರೆಸಿದ ಸ್ಟೂಲುಗಳನ್ನು ಹೊತ್ತು ತಂದ. ಎಲ್ಲರೂ ಅವರ ಮಟ್ಟಕ್ಕೆ ಏರಿ ಒಟ್ಟಿಗೆ ಕುಳಿತೆವು. ನೀಡಿದವರು ಆಮೇಲೆ ಉಣ್ಣುವ ಮಾತು ಇವತ್ತು ಬೇಡವೆಂದು ಸೊಸೆಯನ್ನೂ ಕೈ ಹಿಡಿದು ಕೂರಿಸಿದೆ.

ಮೊಬೈಲನ್ನು ಚಟ್ನಿಪುಡಿ ಡಬ್ಬಿಗೆ ಒರಗಿಸಿಟ್ಟೆವು. ಅದರಲ್ಲಿ ಮಗಳು ತನ್ನ ತಾಟು ಹಿಡಿದು ಕುಳಿತಿದ್ದಳು, ಪಕ್ಕದಲ್ಲಿ ಅಳಿಯ, ಅವನ ತೊಡೆಯ ಮೇಲೆ ಕೂಸು.

"ಅವ್ವಾ, ನನಗ ಹೋಳಿಗಿ?" ಎಂದಳು ಮಗಳು.

"ಹೊತ್ತು ತರ್ತೇನಿ ತಡಿ."

"ವಿಮಾನದಾಗ ಹೋಳಿಗಿ ಬಿಡ್ತಾರೇನು?" ಎಂದ ಮಗ.

"ಯಾಕ ಬಿಡಂಗಿಲ್ಲ, ಕೇಳಿದವರಿಗೆ ಒಂದೊಂದು ಕೊಡ್ತೇನಿ."

ಇವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಒಂದು ತುತ್ತು ಮುರಿದು ಮೊಬೈಲಿನ ಮುಂದೆ ಹಿಡಿದರು. ಕೂಸು ಬಾಯಿ ತೆರೆಯಿತು. ಎಲ್ಲರೂ ನಕ್ಕೆವು. ಇವರು ಆ ತುತ್ತನ್ನು ತಾವೇ ಬಾಯಿಗಿಟ್ಟುಕೊಂಡು, ಅಗಿಯುತ್ತ ಇನ್ನೊಂದು ಹೋಳಿಗೆಗೆ ತಾಟು ಚಾಚಿದರು.